ಎಂಟು ಗಂಟೆಯ ತಟ್ಟೆ

ಲಿಫ್ಟಿನ ಬಾಗಿಲು ತೆರೆದಾಗ ಒಳಗೆ ಯಾರೂ ಇರಲಿಲ್ಲ, ವಾಸನೆ ಮಾತ್ರ ಇತ್ತು. ಬಿಸಿ ಎಣ್ಣೆಯಲ್ಲಿ ಕರಿದ ಆಲೂಗಡ್ಡೆ, ಉಪ್ಪು, ಮೆಣಸಿನ ಪುಡಿ, ಎಣ್ಣೆ ಹೀರಿದ ಕಾಗದದ ಚೀಲ. ನನಗಿಂತ ಮೊದಲು ಯಾರೋ ಮೇಲಿನ ಮಹಡಿಗೆ ಪೊಟ್ಟಣ ತೆಗೆದುಕೊಂಡು ಹೋಗಿದ್ದರು, ಅಷ್ಟೆ. ತಿರುವನಂತಪುರಕ್ಕೆ ವರ್ಗವಾಗಿ ಬಂದು ಇನ್ನೂ ತಿಂಗಳಾಗಿರಲಿಲ್ಲ. ಬ್ಯಾಂಕಿನಿಂದ ಬಂದು ಲಿಫ್ಟಿಗೆ ಕಾಲಿಡಬೇಕಾದವಳು ಇಡಲಿಲ್ಲ. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಐದು ಮಹಡಿ ಮೆಟ್ಟಿಲು ಹತ್ತಿ ಮನೆ ಸೇರಿದೆ. ಏಳು ವರ್ಷವಾದರೂ ಆ ವಾಸನೆಯೊಂದಿಗೆ ಒಂದೇ ಪೆಟ್ಟಿಗೆಯೊಳಗೆ ನಿಲ್ಲುವ ಧೈರ್ಯ ನನಗಿಲ್ಲ.

ಕೊಚ್ಚಿಯಲ್ಲಿದ್ದಾಗ ಎದುರು ಮನೆಯಲ್ಲಿ ಅವರಿದ್ದರು. ಅಂಬಲಮುಗಳ್ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ಅಪಾರ್ಟ್‌ಮೆಂಟು. ನನ್ನ ಬಾಗಿಲು ತೆಗೆದರೆ ಅವರ ಬಾಗಿಲು. ಧಾರವಾಡದ ಕಡೆಯವರು, ಗಂಡನಿಗೆ ಎಣ್ಣೆ ಶುದ್ಧೀಕರಣದ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಮೊದಲ ದಿನ ನಾನು ಆಂಟಿ ಎಂದು ಕರೆದದ್ದಕ್ಕೆ ಅವರು ಮೂಗು ಮುರಿದಿದ್ದರು. “ಆಂಟಿ ಗೀಂಟಿ ಅನಬ್ಯಾಡ. ಕಾಕೂ ಅನ್ನು. ಈ ಊರಾಗ ನನ್ನ ಹಂಗ ಕರಿಯೋರ ಇಲ್ಲ.” ನಮ್ಮ ಮೈಸೂರಿನ ಕಡೆ ಆ ಮಾತಿಲ್ಲ. ಆದರೂ ಕರೆದೆ. ಕರೆದು ಕರೆದು ನನಗೆ ನಿಜವಾಗಿಯೂ ಒಬ್ಬ ಚಿಕ್ಕಮ್ಮ ಸಿಕ್ಕಿಬಿಟ್ಟರು. ಅವರ ಗಂಡ ನನಗೆ ಕಾಕಾ ಆದರು.

ಕಾಕೂಗೆ ಐವತ್ತಾರೋ ಐವತ್ತೇಳೋ ಇದ್ದಿರಬೇಕು. ಗುಂಡಗಿನ ಮುಖ, ಹಣೆಯಲ್ಲಿ ಕಾಸಿನಗಲ ಕುಂಕುಮ, ಜೋಳದ ಹಿಟ್ಟು ಮೆತ್ತಿದ ಕೈ. ಹತ್ತು ವರ್ಷದ ಸಕ್ಕರೆ ಕಾಯಿಲೆ. ಬೆಳಿಗ್ಗೆ ಏಳಕ್ಕೆ ಕಾಕಾ ತಾವೇ ಇನ್ಸುಲಿನ್ ಚುಚ್ಚುತ್ತಿದ್ದರು. ಮೂವತ್ತು ವರ್ಷ ಲ್ಯಾಬಿನಲ್ಲಿ ಹನಿ ಹನಿ ಅಳೆದ ಮನುಷ್ಯ. ಸಿರಿಂಜಿನ ಮೇಲಿನ ಗೆರೆಯನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ನನಗೆ ನಗು ಬರುತ್ತಿತ್ತು. ಕಾಕೂ ಮಾತ್ರ ಮಗುವಿನ ಹಾಗೆ ತೋಳು ಒಡ್ಡಿ ಆಚೆ ನೋಡುತ್ತಾ ಕೂರುತ್ತಿದ್ದರು.

ನಮ್ಮ ಸುತ್ತಮುತ್ತ ಆರೇಳು ಕನ್ನಡದ ಮನೆಗಳಿದ್ದವು. ಎಲ್ಲರೂ ಬ್ಯಾಂಕು, ಕಾರ್ಖಾನೆ, ಕೇಂದ್ರ ಸರ್ಕಾರದ ಕಚೇರಿಗಳಿಗೆ ವರ್ಗವಾಗಿ ಬಂದವರು. ಇವರಿಗೆಲ್ಲ ಒಂದು ವಾಟ್ಸಾಪ್ ಗುಂಪು ಮಾಡಿದ್ದು ಕಾಕಾ. ಹೆಸರು ‘ಇವತ್ತಿನ ತಟ್ಟೆ’. ನಿಯಮ ಸರಳ: ರಾತ್ರಿಯ ಊಟಕ್ಕೆ ಮೊದಲು ತಟ್ಟೆಯ ಫೋಟೊ ತೆಗೆದು ಎಂಟು ಗಂಟೆಗೆ ಹಾಕಬೇಕು. ಮೈದಾ ಕೂಡದು, ಕರಿದದ್ದು ಕೂಡದು, ಅನ್ನ ಹಿಡಿಯಷ್ಟೇ. ಕಾಕಾ ಎಲ್ಲ ತಟ್ಟೆಗಳನ್ನೂ ನೋಡಿ ತೀರ್ಪು ಕೊಡುವರು. ಒಮ್ಮೆ ನನ್ನ ತಟ್ಟೆಯ ಮೂಲೆಯಲ್ಲಿ ಹಪ್ಪಳದ ಚೂರೊಂದು ಕಂಡಿದ್ದಕ್ಕೆ ಎಲ್ಲರೆದುರು ಎರಡು ದಿನ ಮಾತು ಕೇಳಿದ್ದೆ. ನಾನೇನೂ ಕಡಿಮೆಯವಳಲ್ಲ. ನವಣೆ, ಸಾಮೆ, ಮೊಳಕೆ ಕಾಳು ಎಂದು ಊರಿಗೆಲ್ಲ ಉಪದೇಶ ಮಾಡುತ್ತಿದ್ದವಳು. ಆಫೀಸಿನಲ್ಲಿ ಯಾರಾದರೂ ಪಫ್ಸ್ ತಂದರೆ ಬೇಡ ಎಂದು ಹೇಳಿ, ಅವರು ತಿಂದು ಮುಗಿಸುವವರೆಗೂ ಅದನ್ನೇ ನೋಡುತ್ತಿದ್ದವಳು.

ಶುರು ಮಾಡಿದ್ದು ನಾನೇ. ಇದನ್ನು ನಾನು ಯಾರ ಮೇಲೂ ಹಾಕುವ ಹಾಗಿಲ್ಲ. ಒಂದು ಶನಿವಾರ ಸಂಜೆ ಕಾಕೂಗೆ ಹೊಲಿಗೆಯ ದಾರ ಬೇಕೆಂದು ತ್ರಿಪ್ಪೂಣಿತುರಕ್ಕೆ ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆ. ಬರುವಾಗ ಬೈಪಾಸಿನಲ್ಲಿ ಬರ್ಗರ್ ಅಂಗಡಿಯೊಂದರ ದೀಪ ಕಂಡಿತು. ಕಾಕೂ, “ತಂಗಿ, ಒಂದ ಮಾತ ಕೇಳತೀನಿ, ನಗಬಾರದು. ಆ ಬಟಾಟಿ ಉದ್ದುದ್ದ ಕರದಿರ್ತಾರಲ್ಲ, ಅದು ಹ್ಯಾಂಗಿರ್ತದ?” ಎಂದರು. ಇಂಡಿಕೇಟರ್ ಹಾಕಿ ಕಾರು ತಿರುಗಿಸಿದೆ. ನನಗೂ ಅದೇ ಬೇಕಿತ್ತು. ಕೇಳಲು ಒಬ್ಬರು ಬೇಕಾಗಿತ್ತು ಅಷ್ಟೆ.

ಕಾರಿನಲ್ಲೇ ಕೂತು ತಿಂದೆವು. ಕಾಕೂ ಮೊದಲ ತುಂಡನ್ನು ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡರು. ಆಮೇಲೆ ಬರ್ಗರ್ ತಂದೆ. ಅದನ್ನು ಎರಡೂ ಕೈಯಲ್ಲಿ ಹಿಡಿದು, ಎಲ್ಲಿಂದ ಕಚ್ಚುವುದೆಂದು ತಿಳಿಯದೆ ತಿರುಗಿಸಿ ತಿರುಗಿಸಿ ನೋಡಿ, ಕೊನೆಗೆ ರೊಟ್ಟಿಯ ಹಾಗೆ ಮುರಿಯಲು ಹೋದರು. ಸೀರೆಯ ಮೇಲೆಲ್ಲ ಮಯೊನೇಸು. ಇಬ್ಬರೂ ನಕ್ಕು ನಕ್ಕು ಸುಸ್ತಾದೆವು. ಅಷ್ಟು ನಗು ನಾನು ಆ ಊರಿನಲ್ಲಿ ಮತ್ತೆಂದೂ ನಕ್ಕಿಲ್ಲ… ಮನೆಗೆ ಬರುವಾಗ ಇಬ್ಬರೂ ಲವಂಗ ಅಗಿದೆವು. ಕಿಟಕಿಗಳನ್ನು ಇಳಿಸಿ ಕಾರು ಓಡಿಸಿದೆ.

ಆ ಎರಡು ವರ್ಷ ಕಾಕಾ ಮಧ್ಯಾಹ್ನದ ಪಾಳಿಯಲ್ಲೇ ಇದ್ದರು. ಎರಡಕ್ಕೆ ಹೋದರೆ ಬರುವುದು ಹತ್ತರ ಮೇಲೆ. ನಮಗೆ ಸಂಜೆಗಳೆಲ್ಲ ಖಾಲಿ. ವಾರಕ್ಕೊಮ್ಮೆ ಎಂದು ಶುರುವಾದದ್ದು ಎರಡಾಯಿತು, ಮೂರಾಯಿತು. ನಾನಿಲ್ಲದ ದಿನ ಕಾಕೂ ಕೆಳಗಿನ ಬೇಕರಿಗೆ ತಾವೇ ಇಳಿದುಹೋಗಿ ಏನಾದರೂ ತಿಂದು ಬರುತ್ತಿದ್ದರು. ಮರುದಿನ ನನ್ನ ಬಳಿ ತಪ್ಪೊಪ್ಪಿಕೊಳ್ಳುತ್ತಿದ್ದರು. ನಾನು ಗದರುವ ಹಾಗೆ ನಟಿಸುತ್ತಿದ್ದೆ.

ಆದರೆ ಎಂಟು ಗಂಟೆಯ ತಟ್ಟೆ ಒಂದು ದಿನವೂ ತಪ್ಪಲಿಲ್ಲ. ಏಳಕ್ಕೆಲ್ಲ ಕಾಕೂ ಎರಡು ರೊಟ್ಟಿ ಬಡಿದು, ಹೆಸರುಕಾಳಿನ ಪಲ್ಯ, ಮೆಂತ್ಯದ ಸೊಪ್ಪಿನ ಪಚಡಿ, ಒಂದು ಚಮಚ ಶೇಂಗಾ ಚಟ್ನಿಪುಡಿ ಬಡಿಸಿ ಫೋಟೊ ತೆಗೆಯುತ್ತಿದ್ದರು. ಅಂಗಡಿಯ ಮುಂದೆ ಕಾರಿನಲ್ಲಿ ಕೂತು, ಗಡಿಯಾರ ನೋಡಿಕೊಂಡು, ಸರಿಯಾಗಿ ಎಂಟಕ್ಕೆ ಅದನ್ನು ಗುಂಪಿಗೆ ಕಳಿಸುತ್ತಿದ್ದರು. ಬೆರಳಿಗೆ ಉಪ್ಪು, ಎಣ್ಣೆ ಎಂದು ಕಿರುಬೆರಳಿನಲ್ಲಿ ಒತ್ತುವರು. ಎರಡು ನಿಮಿಷಕ್ಕೆ ಲ್ಯಾಬಿನಿಂದ ಕಾಕಾ ‘ಚಲೋ’ ಎಂದು ಬರೆಯುವರು. ಕಾಕೂ ಫೋನನ್ನು ತೊಡೆಯ ಮೇಲೆ ಬೋರಲು ಹಾಕಿ ಒಂದು ನಿಮಿಷ ಏನೂ ತಿನ್ನುತ್ತಿರಲಿಲ್ಲ. ಆಮೇಲೆ ತಿನ್ನುವರು. ತಟ್ಟೆಯ ರೊಟ್ಟಿ ಒಣಗಿ ಖಡಕ್ಕಾಗಿ ಡಬ್ಬಿ ಸೇರುತ್ತಿತ್ತು. ಜೋಳದ ರೊಟ್ಟಿಯ ಗುಣವೇ ಅದು, ಕೆಡುವುದಿಲ್ಲ.

ಹೇಳಿಬಿಡಬಾರದೇ ಎಂದು ಒಮ್ಮೆ ಕೇಳಿದ್ದೆ. “ಅವರ ಮುಂದ? ಯಪ್ಪಾ! ಬಯ್ಯೂದಿಲ್ಲ ಅವರು, ಸುಮ್ಮನಾಗ್ತಾರ. ಆ ಸುಮ್ಮನಾಗೂದು ನನಗ ಬ್ಯಾಡ” ಎಂದಿದ್ದರು.

ಒಂದು ಸಲ ರಕ್ತದ ರಿಪೋರ್ಟು ಬಹಳ ಕೆಟ್ಟದಾಗಿ ಬಂತು. ಕಾಕಾಗೆ ಪಾಳಿ ಇದ್ದುದರಿಂದ ಡಾಕ್ಟರ ಬಳಿ ಕರೆದೊಯ್ದವಳು ನಾನೇ. ಡಾಕ್ಟರು ಊಟದ ವಿಷಯ ಕೇಳಿದರು. ಕಾಕಾ ಹೇಳಿಕಳಿಸಿದ್ದ ಪ್ರಕಾರ ಕಾಕೂ ಫೋನ್ ತೆಗೆದು ತಟ್ಟೆಗಳನ್ನು ತೋರಿಸಿದರು. ಡಾಕ್ಟರು ಒಂದೊಂದಾಗಿ ನೋಡುತ್ತಾ ಹೋದರು, ನರ್ಸನ್ನು ಕರೆದು ಅವರಿಗೂ ತೋರಿಸಿದರು. ಇಂಥ ರೋಗಿಗಳು ಸಿಗುವುದೇ ಅಪರೂಪ ಎಂದು ಇಂಗ್ಲಿಷಿನಲ್ಲಿ ಹೊಗಳಿದರು. ಇಷ್ಟು ಪಥ್ಯ ಮಾಡಿಯೂ ಸಕ್ಕರೆ ಇಳಿಯುತ್ತಿಲ್ಲವೆಂದರೆ ಔಷಧಿಯೇ ಸಾಲುತ್ತಿಲ್ಲ ಎಂದು ಇನ್ಸುಲಿನ್ ಹೆಚ್ಚಿಸಿದರು. ಅವರ ತಪ್ಪೇನು? ನೋಡಿದ್ದನ್ನು ನಂಬಿದರು. ಕಾಕೂ ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿದ್ದ ಮೂತ್ರಪಿಂಡದ ಚಿತ್ರವನ್ನು ಗಮನವಿಟ್ಟು ನೋಡುತ್ತಿದ್ದೆ. ಮುಂದಿನ ತಿಂಗಳು ಮತ್ತೊಮ್ಮೆ ಹೋದೆವು. ಮತ್ತೆ ಹೆಚ್ಚಿಸಿದರು.

ಅದಾದ ಕೆಲವು ದಿನಕ್ಕೆ ಬ್ಯಾಂಕಿನ ತಪಾಸಣೆಯಲ್ಲಿ ನನಗೂ ಸಕ್ಕರೆ ಅಂಚಿನಲ್ಲಿದೆ ಎಂದು ಬಂತು. ಅಲ್ಲಿಯವರೆಗೆ ನಮ್ಮದು ಆಟ, ನನ್ನ ಮೈಗೆ ಬಿಸಿ ತಟ್ಟಿದ ಮೇಲೆ ಪಾಪ. ನೇರ ಎದುರು ಮನೆಗೆ ಹೋಗಿ, ಇವತ್ತಿಗೆ ಮುಗಿಯಿತು ಕಾಕೂ, ಇನ್ನು ಆ ಕಡೆ ತಲೆ ಹಾಕುವುದು ಬೇಡ ಎಂದೆ. ಅವರು ದೇವರ ಗೂಡಿನ ಮುಂದೆ ನಿಂತು ದೀಪ ಮುಟ್ಟಿ ಆಣೆ ಮಾಡಿದರು. ನನ್ನಿಂದಲೂ ಮಾಡಿಸಿದರು. ಬಿಡುವ ಮಾತು ಇಬ್ಬರಿಗೂ ಬಂತು. ಡಾಕ್ಟರಿಗೆ ಹೇಳುವ ಮಾತು ಇಬ್ಬರಿಗೂ ಬರಲಿಲ್ಲ. ಅದೊಂದು ಬಂದಿದ್ದರೆ… ಎಷ್ಟು ಸಲ ಇಲ್ಲಿಗೆ ಬಂದು ನಿಂತಿದ್ದೇನೋ ಲೆಕ್ಕವಿಲ್ಲ.

ಕಾಕೂ ಏನು ಮಾಡಿದರೂ ಅರ್ಧಂಬರ್ಧ ಮಾಡುವವರಲ್ಲ. ಬೇಕರಿಯ ಕಡೆ ಹೋಗುವುದನ್ನೇ ನಿಲ್ಲಿಸಿದರು. ಎರಡು ವರ್ಷದ ತಪ್ಪಿಗೆ ಪ್ರಾಯಶ್ಚಿತ್ತವೆಂದು ಮಧ್ಯಾಹ್ನದ ರೊಟ್ಟಿ ಎರಡಿದ್ದದ್ದು ಒಂದಾಯಿತು. ಬೆಳಿಗ್ಗೆ ಪೂಜೆ ಮುಗಿಯುವವರೆಗೆ ನೀರು ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಎಂದು ಹೊಸ ನೇಮ ಹಿಡಿದರು. ಎಂಟು ಗಂಟೆಯ ತಟ್ಟೆ ಈಗ ನಿಜವಾಗಿತ್ತು. ಊಟ ಕಾಕಾ ಕೆಲಸಕ್ಕೆ ಹೊರಟ ಮೇಲೆ, ಪೂಜೆ ಅವರು ಮಾರ್ಕೆಟ್ಟಿಗೆ ಹೋದಾಗ, ಹಾಗಾಗಿ ಅವರಿಗೆ ಇದಾವುದೂ ಗೊತ್ತಿಲ್ಲ. ಅವರ ಪಾಲಿಗೆ ತಟ್ಟೆ ಮೊದಲೂ ನಿಜವೇ, ಈಗಲೂ ನಿಜವೇ. ಕರಿದದ್ದು ತಿಂದ ದಿನಗಳಲ್ಲಿ ಹೆಚ್ಚಿಸಿದ್ದ ಅಳತೆಯನ್ನೇ ಬೆಳಿಗ್ಗೆ ಏಳಕ್ಕೆ ಬೆಳಕಿಗೆ ಹಿಡಿದು ನೋಡಿ ಚುಚ್ಚುತ್ತಿದ್ದರು.

ಒಂದು ಗುರುವಾರ ಬೆಳಿಗ್ಗೆ ನಾನು ಬ್ಯಾಂಕಿಗೆ ಹೊರಡುವ ಹೊತ್ತಿಗೆ ಕಾಕೂ ಬಾಗಿಲಿಗೆ ಬಂದರು. ಮುಖ ಬಿಳಿಚಿಕೊಂಡಿತ್ತು, ಮೇಲ್ತುಟಿಯ ಮೇಲೆ ಬೆವರಿನ ಹನಿ. “ಯಾಕೋ ಕೈ ನಡಗಲಿಕ್ಕತ್ತಾವ ತಂಗಿ. ಏನರ ತಿನಬೇಕು, ಈಗಿಂದೀಗ ತಿನಬೇಕು ಅನಸ್ತದ. ಆಣಿ ಮುರದಬಿಡ್ತೀನೇನೋ ಅಂತ ಅಂಜಿಕಿ ಆಗೇದ.”

ನಾನು ಅವರ ಕೈ ಹಿಡಿದುಕೊಂಡೆ. ತಣ್ಣಗಿತ್ತು. ನನಗೆ ಎಲ್ಲ ತಿಳಿದಿದೆ ಎನ್ನುವ ದನಿಯಲ್ಲಿ ಹೇಳಿದೆ: “ಚಟ ಬಿಡುವಾಗ ಹೀಗೇ ಆಗುತ್ತೆ ಕಾಕೂ. ಬಾಯಿ ಚಪಲ ಅಷ್ಟು ಸುಲಭಕ್ಕೆ ಬಿಡಲ್ಲ. ತಡ್ಕೊಳ್ಳಿ. ನೀರು ಕುಡಿದು ಮಲಕ್ಕೊಳ್ಳಿ, ಹೋಗುತ್ತೆ.”

ಅವರು ತಲೆಯಾಡಿಸಿದರು. ನಾನು ಹೇಳಿದ್ದನ್ನೆಲ್ಲ ನಂಬುತ್ತಿದ್ದರು, ಓದಿದವಳು ಎಂದು. ಹಸಿವನ್ನು ಕೂಡ ಕಳ್ಳನ ಹಾಗೆ ಕಾಣುವುದನ್ನು ನಾವಿಬ್ಬರೂ ಎರಡು ವರ್ಷದಲ್ಲಿ ಚೆನ್ನಾಗಿ ಕಲಿತಿದ್ದೆವು. ಮೈ ಅನ್ನಕ್ಕಾಗಿ ಬೇಡುತ್ತಿತ್ತು. ನಾನು ಅದಕ್ಕೆ ಚಪಲ ಎಂದು ಹೆಸರಿಟ್ಟೆ.

ಅದೇ ವಾರದ ಶನಿವಾರ, ತಿಂಗಳ ಎರಡನೇ ಶನಿವಾರ. ನನಗೆ ರಜೆ. ಕಾಕಾ ಇಂಜೆಕ್ಷನ್ ಕೊಟ್ಟು, ಚೀಲ ಹಿಡಿದು ಕಾಕೂವಿನ ತಟ್ಟೆಗೆ ಸೊಪ್ಪು ತರಲು ಮಾರ್ಕೆಟ್ಟಿಗೆ ಹೋಗಿದ್ದರು. ಒಂಬತ್ತರ ಹೊತ್ತಿಗೆ ಎದುರು ಮನೆಯಲ್ಲಿ ಸ್ಟೀಲಿನ ಪಾತ್ರೆ ಬಿದ್ದ ಸದ್ದಾಯಿತು. ಬಿದ್ದದ್ದು ಸುತ್ತಿ ಸುತ್ತಿ, ಸದ್ದು ಸಣ್ಣದಾಗುತ್ತಾ ಹೋಗಿ ನಿಂತಿತು. ನಾನು ಬಟ್ಟೆ ಮಡಚುತ್ತಿದ್ದೆ. ತಲೆ ಎತ್ತಿದೆ. ಪೂಜೆ ಮುಗಿಯಿತೇನೋ, ತಿಂಡಿಗೆ ಎದ್ದಿದ್ದಾರೆ ಎಂದುಕೊಂಡೆ. ಮತ್ತೆ ಬಟ್ಟೆ ಮಡಚಿದೆ. ಆಣೆ ಮಾಡಿದ ಮೇಲೆ ಮುಖಕ್ಕೆ ಮುಖ ಕೊಡಲು ಇಬ್ಬರಿಗೂ ಒಂದು ಥರ ಮುಜುಗರವಾಗುತ್ತಿತ್ತು. ಹೋಗಿ ನೋಡಲಿಲ್ಲ.

ಹತ್ತಕ್ಕೆ ಕಾಕಾ ಕೂಗಿದ್ದು ಕೇಳಿ ಓಡಿದೆ. ಅಡುಗೆ ಮನೆಯ ನೆಲದ ಮೇಲೆ ಕಾಕೂ ಮಗ್ಗುಲಾಗಿ ಬಿದ್ದಿದ್ದರು. ಕಾಕಾ ಸೊಪ್ಪಿನ ಚೀಲವನ್ನು ಇನ್ನೂ ತೋಳಿನಲ್ಲೇ ತೂಗುಹಾಕಿಕೊಂಡು ಅವರ ಕೆನ್ನೆ ತಟ್ಟುತ್ತಿದ್ದರು. ನನ್ನ ಕಾರಿನಲ್ಲೇ ಆಸ್ಪತ್ರೆಗೆ ಒಯ್ದೆವು, ಅದೇ ಸೀಟಿನಲ್ಲಿ. ಸಕ್ಕರೆ ತೀರಾ ಕೆಳಗಿಳಿದಿತ್ತು, ಬಹಳ ಹೊತ್ತು ಹಾಗೇ ಇತ್ತು ಎಂದರು. ಕಾಕೂ ಕಣ್ಣು ತೆರೆಯಲಿಲ್ಲ. ಐದನೇ ದಿನ ಹೋದರು.

ಮಗಳು ತಿರುವನಂತಪುರದಿಂದ ಬಂದಿದ್ದಳು. ಅಲ್ಲಿನ ಶ್ರೀಕಾರ್ಯ ಬಡಾವಣೆಯ ಕಾಲೇಜಿನಲ್ಲಿ ಪಾಠ ಮಾಡುವವಳು. ಕೇರಳದಲ್ಲೇ ಬೆಳೆದವಳಾದ್ದರಿಂದ ಅವಳ ಕನ್ನಡಕ್ಕೆ ಮಲಯಾಳದ ರಾಗ. ಕಾಕೂ ಹೋದ ದಿನ ಆಸ್ಪತ್ರೆಯ ಮೊಗಸಾಲೆಯಲ್ಲಿ ನನ್ನ ಪಕ್ಕ ಕೂತು, ಮಲಯಾಳದಲ್ಲಿ ಅಕ್ಕಾ ಎಂದು ಕರೆದು ಕೇಳಿದಳು: “ಚೇಚಿ, ಅಮ್ಮ ಊಟದಲ್ಲಿ ಏನಾದ್ರೂ ವ್ಯತ್ಯಾಸ ಮಾಡಿದ್ರಾ? ಹೊರಗೆ ಏನಾದ್ರೂ ತಿಂತಿದ್ರಾ? ನಿಮಗೆ ಗೊತ್ತಿರುತ್ತಲ್ಲ.”

ಇಲ್ಲ, ಎಂದಿನ ತಟ್ಟೆಯೇ ಎಂದೆ. ಸತ್ತವರ ಮಾನ ಉಳಿಸುತ್ತಿದ್ದೇನೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಯಾರ ಮಾನ ಉಳಿಸಿದೆನೋ ದೇವರಿಗೇ ಗೊತ್ತು. ಊಟ ಸರಿಯಿದ್ದ ಮೇಲೆ ಉಳಿದದ್ದು ಒಂದೇ: ಅಳತೆ ತಪ್ಪಿರಬೇಕು. ಮಗಳು ಅಪ್ಪನ ಕಡೆ ನೋಡಿದಳು. ಕಾಕಾ ತಮ್ಮ ಬಲಗೈಯನ್ನು ನೋಡಿಕೊಂಡರು. “ಅವತ್ತ ಚಷ್ಮಾ ಹಾಕ್ಕೊಂಡಿದ್ನೋ ಇಲ್ಲೋ… ನೆನಪಾಗವಲ್ದು” ಎಂದರು. ನಾನು ಅಲ್ಲೇ ಇದ್ದೆ. ಬಾಯಿ ಹೊಲಿದುಕೊಂಡು ಅಲ್ಲೇ ಇದ್ದೆ.

ಗುರುವಾರದ ಆ ನಡುಕ ಏನೆಂದು ನನಗೆ ತಿಳಿದದ್ದು ಮುಂದಿನ ವರ್ಷ, ಬ್ಯಾಂಕಿನಲ್ಲೇ ನಡೆದ ಆರೋಗ್ಯ ಶಿಬಿರದಲ್ಲಿ. ನರ್ಸೊಬ್ಬರು ಬೆರಳು ಮಡಚಿ ಹೇಳುತ್ತಿದ್ದರು: ಕೈ ನಡುಕ, ಬೆವರು, ತಡೆಯಲಾರದ ಹಸಿವು… ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಹೀಗಾದರೆ ಒಂದು ಚಮಚ ಸಕ್ಕರೆ ತಿನ್ನಿಸಿ, ಕ್ಷಣ ತಡ ಮಾಡಬೇಡಿ. ನಾನು ಎದ್ದು ಹೊರಗೆ ಬಂದೆ. ಒಂದು ಚಮಚ ಸಕ್ಕರೆ. ನನ್ನ ಅಡುಗೆ ಮನೆ ಕಾಕೂ ನಿಂತಿದ್ದ ಬಾಗಿಲಿನಿಂದ ಎಂಟು ಹೆಜ್ಜೆ.

ಕಾಕಾ ನಿವೃತ್ತರಾದ ಮೇಲೆ ಮಗಳು ಅವರನ್ನು ಶ್ರೀಕಾರ್ಯಕ್ಕೆ ಕರೆದೊಯ್ದಳು. ಈಚೆಗೆ ನಾನೂ ಇದೇ ಊರಿಗೆ ಬಂದೆ. ಬಂದು ಒಂದು ತಿಂಗಳು ಅವರ ಮನೆಯ ಕಡೆ ಹೋಗದಿರಲು ನೂರು ನೆಪ ಹುಡುಕಿದೆ. ಲಿಫ್ಟಿನ ಆ ಸಂಜೆಯ ಮೇಲೆ ನೆಪಗಳು ಮುಗಿದವು. ಹೋದ ಭಾನುವಾರ ಹೊರಟೆ.

ಮಗಳು ಮನೆಯಲ್ಲಿರಲಿಲ್ಲ. ಮೊಮ್ಮಗಳು ಬಾಗಿಲು ತೆಗೆದು ನನ್ನ ಕನ್ನಡಕ್ಕೆಲ್ಲ ಮಲಯಾಳದಲ್ಲೇ ಉತ್ತರ ಕೊಟ್ಟಳು. ಕಾಕಾ ತುಂಬ ಇಳಿದುಹೋಗಿದ್ದರು. ನನ್ನನ್ನು ಕಂಡು ಅವರಿಗೆ ನಿಜವಾಗಿಯೂ ಸಂತೋಷವಾಯಿತು. ಅದೇ ನನಗೆ ಕಷ್ಟವಾಯಿತು. ಮಾತಿನ ನಡುವೆ ಅವರ ಕೆಮ್ಮಿನ ಔಷಧಿಯ ಹೊತ್ತಾಯಿತು. ಶೀಶೆಯನ್ನು ಎತ್ತಿ ಮೊಮ್ಮಗಳ ಕೈಗೆ ಕೊಟ್ಟರು. ಅವಳು ಮುಚ್ಚಳದಲ್ಲಿ ಅಳೆದು ಕುಡಿಸಿದಳು. ನಾನು ನೋಡುತ್ತಿರುವುದನ್ನು ಗಮನಿಸಿ, “ಈ ಕೈ ಮ್ಯಾಲ ನನಗ ಭರೋಸ ಇಲ್ಲ ತಂಗಿ. ಚಹಾಕ್ಕ ಸಕ್ಕರಿ ಸುದ್ದಾ ಹಾಕೂದಿಲ್ಲ ನಾನು” ಎಂದರು. ಏನೋ ಸಾಮಾನ್ಯ ವಿಷಯ ಹೇಳುವ ಹಾಗೆ ಹೇಳಿದರು.

ಮೊಮ್ಮಗಳು ಒಳಗೆ ಹೋದ ಮೇಲೆ ಹೇಳಿದೆ. ಎಲ್ಲವನ್ನೂ. ಬೈಪಾಸು, ಬರ್ಗರು, ಕಾರಿನಿಂದ ಕಳಿಸಿದ ತಟ್ಟೆ, ಡಾಕ್ಟರು, ಆಣೆ, ಗುರುವಾರದ ನಡುಕ, ನಾನು ಕೊಟ್ಟ ಬುದ್ಧಿವಾದ, ನಾನು ಕೇಳಿಸಿಕೊಂಡ ಪಾತ್ರೆಯ ಸದ್ದು. ನಿಮ್ಮ ಕೈ ತಪ್ಪಿರಲಿಲ್ಲ ಕಾಕಾ, ನೀವು ಸರಿಯಾಗಿಯೇ ಅಳೆದಿದ್ದಿರಿ ಎಂದೆ. ಅವರು ಬೈಯಲಿ ಎಂದು ಕಾದೆ. ಎದ್ದು ಹೋಗು ಎನ್ನಲಿ ಎಂದು ಕಾದೆ. ಕಾಕಾ ಸುಮ್ಮನಾದರು. ಕಾಕೂ ಹೆದರುತ್ತಿದ್ದ ಆ ಸುಮ್ಮನಾಗುವಿಕೆ ಹೇಗಿರುತ್ತದೆ ಎಂದು ನನಗೆ ಆಗ ತಿಳಿಯಿತು.

ಬಹಳ ಹೊತ್ತಿನ ಮೇಲೆ, “ಎಷ್ಟ ದಿನ ನಡೀತಿದು?” ಎಂದರು.

“ಎರಡು ವರ್ಷ.”

“ಎರಡ ವರ್ಷ ನನಗ ಅಂಜಿ ರೊಟ್ಟಿ ಒಣಗಿಸಿಟ್ಟಳು” ಎಂದರು. ನನ್ನ ಕಡೆ ನೋಡದೆ ಮತ್ತೆ ಹೇಳಿದರು: “ನನ್ನ ಕೈ ತಪ್ಪಿದ್ರನ ಚಲೋ ಇತ್ತು ನೋಡು. ಅದು ಒಂದ ದಿನದ ತಪ್ಪು.”

ನನಗೆ ಅಳು ಬಂತು. ಈ ಮನುಷ್ಯನ ತಲೆಯಿಂದ ಒಂದು ಭಾರ ಇಳಿಸಲು ಬಂದು, ಅದಕ್ಕಿಂತ ದೊಡ್ಡದನ್ನು ಹೊರಿಸಿಬಿಟ್ಟಿದ್ದೆ. ಏಳು ವರ್ಷ ಅವರ ಬಳಿ ತಮ್ಮಿಂದ ಏನನ್ನೂ ಮುಚ್ಚಿಡದ ಒಬ್ಬ ಹೆಂಡತಿಯ ನೆನಪಾದರೂ ಇತ್ತು. ಅದನ್ನೂ ನಾನು ತೆಗೆದುಕೊಂಡೆ. ಕಾಕೂ ಎರಡನೆಯ ಸಲ ಹೋದದ್ದು ಆ ಮಧ್ಯಾಹ್ನ, ನನ್ನ ಕಣ್ಣೆದುರೇ.

ಕಾಕಾ ನನ್ನ ಕಡೆ ತಿರುಗಿದರು. “ಅಕಿ ಒಂದ ಮಾತ ಹೇಳಿದ್ರ ನಾನ ಕರಕೊಂಡ ಹೋಗತಿದ್ದೆ. ತಿಂಗಳಿಗೊಮ್ಮೆ ತಿಂದ್ರ ಏನಾಗ್ತದ? ಹೋಗತಿದ್ನಲ್ಲ ತಂಗಿ?”

ಹಪ್ಪಳದ ಒಂದು ಚೂರಿಗೆ ಎರಡು ದಿನ ಮಾತು ಕೇಳಿದವಳು ನಾನು. ಅವರು ಏನು ಮಾಡುತ್ತಿದ್ದರೆಂದು ನನಗೂ ಗೊತ್ತಿತ್ತು, ಕಾಕೂಗೂ ಗೊತ್ತಿತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಈ ಸಲ ನೋಡಲು ಗೋಡೆಯ ಮೇಲೆ ಯಾವ ಚಿತ್ರವೂ ಇರಲಿಲ್ಲ.

“ಹೋಗ್ತಿದ್ರಿ ಕಾಕಾ,” ಎಂದೆ. “ಖಂಡಿತ ಕರ್ಕೊಂಡು ಹೋಗ್ತಿದ್ರಿ.”

ಅವರು ನಿಧಾನಕ್ಕೆ ತಲೆಯಾಡಿಸಿದರು. ಸತ್ಯ ಹೇಳಲೆಂದೇ ಹೋದವಳು, ಕೊನೆಗೂ ಒಂದು ಸುಳ್ಳು ಹೇಳಿಯೇ ಆ ಮನೆಯಿಂದ ಎದ್ದೆ.